ಬಾಳೆ ನಾರಿನ ಊರು ಆನೆಗುಂದಿ

ಗೌನಿಪಲ್ಲಿ ಸುತ್ತಮುತ್ತಲ ಸೋದರಿಯರೇ, ಮುಳಬಾಗಿಲಿನ ನರಸಿಂಹತೀರ್ಥಕ್ಕೆ ನೀವು ಒಮ್ಮೆಯಾದರೂ ಹೋಗಿಬಂದಿರುತ್ತೀರಿ. ಅಲ್ಲಿ ಬೃಂದಾವನಸ್ಥರಾಗಿರುವ ಶ್ರೀಪಾದರಾಜರ ಶಿಷ್ಯರು ವ್ಯಾಸರಾಯರು. ಗುರುಗಳು ನಮ್ಮ ಜಿಲ್ಲೆಯಲ್ಲಿ. ಶಿಷ್ಯರ ಬೃಂದಾವನ ಎಲ್ಲಿದೆ ಗೊತ್ತೇ? ದೂರದ ಕೊಪ್ಪಳ ಜಿಲ್ಲೆಯಲ್ಲಿ, ಆನೆಗುಂದಿಯ ಬಳಿ ತುಂಗಭದ್ರೆಯ ಒಂದು ನಡುಗಡ್ಡೆಯ ಮೇಲೆ. ಒಂಬತ್ತು ಯತಿಗಳ ಬೃಂದಾವನಗಳಿರುವುದರಿಂದ ಅದಕ್ಕೆ ನವಬೃಂದಾವನ ಎಂದೇ ಹೆಸರು. ಯಾತ್ರೆಗೆ ಹೋದವರು ದೋಣಿ ಹತ್ತಿ, ಪ್ರದಕ್ಷಿಣೆ ಹಾಕಿ, ಹಾಗೇ ಹಿಂದಿರುಗಿಬಿಡುತ್ತಾರೆ. ದಡದ ಮೇಲಿನ ಊರನ್ನೂ ಅರ್ಧ ದಿನ ನಿಂತು ನೋಡಿ ಅಂತ ಹೇಳೋದಕ್ಕೇ ಈ ಲೇಖನ.

ಹೊಳೆಯ ಆ ಕಡೆ ಹಂಪಿ, ಈ ಕಡೆ ಆನೆಗುಂದಿ. ವಿಜಯನಗರಕ್ಕಿಂತಲೂ ಹಳೆಯ ಊರಿದು. ಜನ ಇದನ್ನೇ ರಾಮಾಯಣದ ಕಿಷ್ಕಿಂಧೆ ಎನ್ನುತ್ತಾರೆ. ಗುಂಡುಕಲ್ಲಿನ ಬೆಟ್ಟಗಳು, ನಡುವೆ ನೀರು, ನೀರಿನಲ್ಲಿ ನಡುಗಡ್ಡೆಗಳು, ಸುತ್ತ ಭತ್ತದ ಗದ್ದೆ, ಬಾಳೆಯ ತೋಟ... ಕುಂಚ ಹಿಡಿದವರನ್ನು ಇಂಥ ನೋಟ ಸುಮ್ಮನೆ ಬಿಟ್ಟೀತೇ? ಚಿತ್ರಕಲಾವಿದೆ ಶಮಾ ಪವಾರ್ ಅವರು ಈ ಊರಿಗೆ ಬಂದು ಇಲ್ಲೇ ನೆಲೆ ನಿಂತರು. 1997ರಲ್ಲಿ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು.

ಕಲ್ಲಿನ ಗುಡಿಗೆ ಸರ್ಕಾರ ಕಾವಲು ಹಾಕುತ್ತದೆ, ಫಲಕ ನೆಡುತ್ತದೆ. ಆದರೆ ಗುಡಿಯ ಪಕ್ಕದ ಜಗಲಿ ಮನೆ, ಮರದ ಕಂಬ, ಮಣ್ಣಿನ ಮಾಳಿಗೆ (ನಮ್ಮ ಕಡೆ ಮಿದ್ದೆ ಅನ್ನೋದು) ಇವಕ್ಕೆ ಯಾರು ದಿಕ್ಕು? ಚಿತ್ರ ಬರೆದು ಗೋಡೆಗೆ ತೂಗುಹಾಕಬಹುದು. ಚಿತ್ರದೊಳಗಿನ ಮನೆಯವರಿಗೆ ಊರಲ್ಲಿ ಎರಡು ಕಾಸು ಹುಟ್ಟದೇ ಹೋದರೆ, ಅವರು ಬೀಗ ಹಾಕಿ ಪಟ್ಟಣ ಸೇರುತ್ತಾರೆ. ಬೀಗ ಬಿದ್ದ ಮಣ್ಣಿನ ಮನೆ ಎಷ್ಟು ಮಳೆ ತಡೆದೀತು, ನೀವೇ ಹೇಳಿ.

ಕಾಸು ಹುಟ್ಟುವ ದಾರಿ ಬಾಳೆ ತೋಟದಲ್ಲೇ ಬಿದ್ದಿತ್ತು! ಬಾಳೆ ಒಂದೇ ಗೊನೆ ಬಿಡೋದು. ಗೊನೆ ಕಡಿದ ಮೇಲೆ ದಿಂಡು ಕಸ. ಹೂ ಕಟ್ಟೋದಕ್ಕೆ ನಾವು ಒಂದೆಳೆ ನಾರು ಸೀಳಿಕೊಳ್ಳುತ್ತೇವಲ್ಲ, ಅದೇ ಪಟ್ಟೆಗಳನ್ನು ಬಿಡಿಸಿ, ಒಣಗಿಸಿ, ಕೈಯಲ್ಲೇ ಹುರಿ ಹೊಸೆದು ಬುಟ್ಟಿ, ಚಾಪೆ, ಚೀಲ ಮಾಡುವುದನ್ನು ಟ್ರಸ್ಟ್ ಊರಿನ ಹೆಂಗಸರಿಗೆ ಕಲಿಸಿತು. ಹೊರಗಿನ ಪಟ್ಟೆ ಒರಟು, ಒಳಗಿನದು ನಯ. ತೀರಾ ಒಣಗಿದ್ದರೆ ಹೂ ಕಟ್ಟುವಾಗಿನ ಹಾಗೇ ನೀರು ಚಿಮುಕಿಸಿ ಹದ ಮಾಡಬೇಕು, ಇಲ್ಲದಿದ್ದರೆ ಪಟಕ್ಕನೆ ಮುರಿಯುತ್ತೆ. ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತೆ. ಅಡಿಗೆ ಮುಗಿಸಿ ಕೂತು ಮಾಡುವಂಥ ಕೆಲಸ. ಅದಕ್ಕೇ ಹಿಡಿಸಿತೇನೋ.

ಹಳೆಯ ಮನೆಗಳಲ್ಲೂ ಕೆಲವನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಿ, ಬಂದವರು ತಂಗುವ ಮನೆಗಳಾಗಿಸಿದರು. ಇಲ್ಲಿ ಗೃಹಿಣಿಯರು ಗಮನಿಸಬೇಕಾದ ಮಾತೊಂದಿದೆ. ಮಣ್ಣಿನ ಗೋಡೆ ಬಿರುಕು ಬಿಟ್ಟ ಕೂಡಲೇ ನಾವು ಮೇಸ್ತ್ರಿಯನ್ನು ಕರೆಸಿ ಸಿಮೆಂಟು ಮೆತ್ತಿಸುತ್ತೇವೆ. ಮಣ್ಣು ಹೀರಿದ ತೇವ ಹೊರಗೆ ಆರಬೇಕು. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ, ಒಳಗಿನ ಮಣ್ಣು ಉದುರುತ್ತದೆ. ಮಣ್ಣಿಗೆ ಮಣ್ಣು ಇಲ್ಲವೇ ಸುಣ್ಣದ ಗಾರೆಯೇ ಸರಿ. ಮಳೆಗೆ ಮುಂಚೆ ಮಿದ್ದೆಯ ಮೇಲಿನ ಗಿಡ ಕಿತ್ತು, ದೋಣಿ ಚೊಕ್ಕಟ ಮಾಡೋದು, ಗೋಡೆ ಮೆತ್ತಿ ಸಾರಿಸೋದು ನಮ್ಮ ಅಜ್ಜಿಯರಿಗೆ ಬರುತ್ತಿದ್ದ ವಿದ್ಯೆಯೇ ತಾನೆ? ಅದನ್ನು ಯಾರೂ ವಿದ್ಯೆ ಅಂತ ಕರೆಯಲಿಲ್ಲ, ಅಷ್ಟೇ.

ಪ್ರವಾಸಿಗರು ಬಂದರೆ ಸಾಕು, ಊರು ಉಳಿಯುತ್ತೆ ಅನ್ನೋದನ್ನು ಮಾತ್ರ ನಾನು ಒಪ್ಪೋದಿಲ್ಲ. ಪಕ್ಕದ ವಿರೂಪಾಪುರ ಗಡ್ಡೆಯೂ ನಡುಗಡ್ಡೆಯೇ. ಅಲ್ಲಿ ಸಾಲುಸಾಲಾಗಿ ರೆಸಾರ್ಟುಗಳೆದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅವನ್ನು ಕೆಡವಬೇಕಾಯಿತು.

ನಮ್ಮ ಕಡೆಯ ಹಳೇ ಮನೆ ಕೆಡವುವಾಗ ಮೊದಲು ಬಿಕರಿಯಾಗೋದು ಕಂಬ, ಬಾಗಿಲವಾಡ. ಬೆಲೆ ಕೇಳಿಕೊಂಡು ಯಾರಾದರೂ ಬಂದರೆ, ಯಜಮಾನರು ಹೂಂ ಅನ್ನುವ ಮುಂಚೆ ದುರಸ್ತಿಗೆ ಎಷ್ಟಾಗುತ್ತೆ ಅಂತ ಸುಣ್ಣದ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಕೇಳಿಸಿ.

ಆನೆಗುಂದಿಗೆ ಹೋಗುವವರು ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೊಸಪೇಟೆಗೆ ಬರಬೇಕು, ಅಲ್ಲಿಂದ ರಸ್ತೆ ಇದೆ. ಅಂಜನಾದ್ರಿಗೆ 575 ಮೆಟ್ಟಿಲು. ಮಂಡಿ ನೋವಿದ್ದವರು ಕೆಳಗಿನಿಂದಲೇ ಕೈ ಮುಗಿಯಲಿ! ಹುಚ್ಚಪ್ಪಯ್ಯನ ಮಠದ ಕರಿಕಲ್ಲಿನ ಕಂಬಗಳನ್ನು ಮರೆಯಬೇಡಿ. ಹೊಳೆ ತುಂಬಿ ಹರಿಯುವಾಗ ನವಬೃಂದಾವನಕ್ಕೆ ದೋಣಿ ಬಿಡುವುದಿಲ್ಲ. ಕಾರ್ತಿಕ ಕಳೆದ ಮೇಲೆ ಹೊರಡಿ, ಬಿಸಿಲೂ ಹಿತವಾಗಿರುತ್ತೆ.