ಪಂಕ್ತಿಯಲ್ಲಿ ಎಲ್ಲರಿಗೂ ಜಾಗ

ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಸಿದ್ದಪ್ಪಾಜಿಯ ಒಕ್ಕಲು ಬಯಲಲ್ಲೇ ಬಿಡಾರ ಹೂಡಿ, ಒಲೆ ಹಚ್ಚಿ, ಜಾತಿ ಕೇಳದೆ ಒಂದೇ ಸಾಲಿಗೆ ಕೂತು ಉಣ್ಣುತ್ತಾರೆ. ಮಾದಪ್ಪನ ಬೆಟ್ಟದಲ್ಲಿ ಹಸಿದು ಬಂದವರಿಗೆಲ್ಲ ದಾಸೋಹ. ಈ ಸೀಮೆಯಲ್ಲಿ ಅನ್ನ ಇಡುವುದಕ್ಕೆ ವ್ಯಾಪಾರಕ್ಕಿಂತ ಹಳೆಯ ಮರ್ಯಾದೆಯಿದೆ. ಅದಕ್ಕೇ ಕೊಳ್ಳೇಗಾಲ, ಹನೂರು, ಯಳಂದೂರಿನ ಹೋಟೆಲು, ಲಾಡ್ಜುಗಳ ಮುಂದೆ ನಿಂತಾಗ ಕೇಳಬೇಕೆನಿಸುತ್ತದೆ: ಗಾಲಿಕುರ್ಚಿಯಲ್ಲಿ ಬಂದವರಿಗೆ ಈ ಪಂಕ್ತಿಯಲ್ಲಿ ಜಾಗ ಎಲ್ಲಿ?

ಮೊದಲ ಅಡ್ಡಿ ಬಾಗಿಲ ಮೆಟ್ಟಿಲು. ಒಳಗೆ ಹೋದರೆ ನಿಂತೇ ತಿನ್ನಬೇಕಾದ ಎತ್ತರದ ಮೇಜು, ಎಟುಕದ ಕೈತೊಳೆಯುವ ಬೇಸಿನ್ನು, ಹಿತ್ತಲಲ್ಲಿ ಇನ್ನೆರಡು ಮೆಟ್ಟಿಲಿಳಿದರೆ ಶೌಚಾಲಯ. ಕೆಲವರು ಬಾಗಿಲಿಗೆ ಒಂದು ಕಲ್ಲುಚಪ್ಪಡಿ ಓರೆಯಾಗಿಟ್ಟು ರ‍್ಯಾಂಪ್ ಆಯಿತೆಂದುಕೊಳ್ಳುತ್ತಾರೆ. ಅದರ ಮೇಲೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ಅರ್ಧ ಅಡಿಯ ಮೆಟ್ಟಿಲಿಗೆ ಆರು ಅಡಿ ಇಳಿಜಾರು ಬೇಕು. ಗಾರೆ ಕೆಲಸದವರು ಒಂದೆರಡು ದಿನದಲ್ಲಿ ಮುಗಿಸುವ ಕೆಲಸ ಇದು.

ಕಟ್ಟಡಕ್ಕಿಂತ ಹೆಚ್ಚು ನೋಯಿಸುವುದು ಮಾತು. ಎದುರಿಗೆ ಕೂತವರನ್ನು ಬಿಟ್ಟು ಜೊತೆಗೆ ಬಂದವರನ್ನು 'ಇವರಿಗೇನು ಕೊಡಲಿ?' ಎಂದು ಕೇಳುವುದಿದೆಯಲ್ಲ, ಅದು. ತಿನ್ನುವವರನ್ನೇ ಕೇಳಬೇಕು. ಕುರ್ಚಿ ತಳ್ಳುವ ಮೊದಲು, ಕೈ ಹಿಡಿಯುವ ಮೊದಲು 'ಸಹಾಯ ಬೇಕಾ?' ಅನ್ನಬೇಕು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಎಲ್ಲರಿಗೂ ಜಾಗ ಕೊಡುವುದನ್ನು ಬರೀ ಒಳ್ಳೆಯತನಕ್ಕೆ ಬಿಟ್ಟಿಲ್ಲ. ಸೇವೆ ಕೊಡುವವರು ಸರ್ಕಾರದವರಿರಲಿ ಖಾಸಗಿಯವರಿರಲಿ, ನಿಯಮ ಬಂದ ಎರಡು ವರ್ಷದೊಳಗೆ ಅದನ್ನು ಎಲ್ಲರಿಗೂ ಎಟುಕುವಂತೆ ಮಾಡಬೇಕೆಂದು ಅದರ 46ನೇ ಕಲಂ ಹೇಳುತ್ತದೆ. ನಿಯಮ ಬಂದದ್ದು 2017ರಲ್ಲಿ.

ನಮ್ಮ ಹಳೆಯ ರೂಢಿಯಲ್ಲೇ ಎಷ್ಟೋ ದಾರಿಗಳಿವೆ. ಮೇಜಿನ ಬಳಿ ಬಂದು ಇಡ್ಲಿ, ವಡೆ, ಖಾಲಿ ದೋಸೆ, ರೈಸ್‌ಬಾತ್ ಎಂದು ಒಂದೇ ಉಸಿರಿಗೆ ಒಪ್ಪಿಸುವ ಸಪ್ಲೈಯರ್ ಕಣ್ಣು ಕಾಣದವರಿಗೆ ಗೋಡೆಯ ಬೋರ್ಡಿಗಿಂತ, ಮೊಬೈಲಿನಲ್ಲಿ ತೆರೆಯುವ ಮೆನುವಿಗಿಂತ ದೊಡ್ಡ ಆಸರೆ. ಬಾಳೆಯೆಲೆಯನ್ನೇ ನೋಡಿ. ಎಡತುದಿಗೆ ಉಪ್ಪು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಬಡಿಸುವ ಜಾಗ ತಪ್ಪದಿದ್ದರೆ ಬೆರಳೇ ದಾರಿ ಕಂಡುಕೊಳ್ಳುತ್ತದೆ. ತಟ್ಟೆಯಾದರೆ 'ಚಟ್ನಿ ಬಲಕ್ಕೆ, ನೀರು ಎಡಕ್ಕೆ' ಎಂದು ಹೇಳಿ ಇಟ್ಟರಾಯಿತು. ಚಿಲ್ಲರೆ ಕೊಡುವಾಗ ಒಂದೊಂದು ನೋಟನ್ನೂ ಹೆಸರಿಸಿ ಕೈಗಿಡಬೇಕು. ಕಿವಿ ಕೇಳದವರ ಬಳಿ ಕಿರುಚುವ ಬದಲು ಮುಖ ನೋಡಿ ನಿಧಾನವಾಗಿ ಮಾತಾಡಬೇಕು, ಚೀಟಿ ಪೆನ್ನು ಮುಂದಿಡಬೇಕು.

ಬಡಿಸುವ ಕಡೆಯಲ್ಲೂ ವಿಕಲಚೇತನರೇ ನಿಲ್ಲಬಹುದೆಂದು ತೋರಿಸಿದ್ದು ಮಿಟ್ಟಿ ಕೆಫೆ. ಅಲೀನಾ ಆಲಂ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುಮಾಡಿದ ಇದರ ಒಂದು ಶಾಖೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಬಂತು. ನಮ್ಮ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲೂ ಅಂಥವರೊಬ್ಬರು ಕಾಫಿ ತಂದಿಡುವುದನ್ನು ನೋಡುವ ಆಸೆ ನನ್ನದು.

ಯಳಂದೂರಿನ ಮಾತು ಬೇರೆಯಾಗಿಯೇ ಹೇಳಬೇಕು. ಕುಷ್ಠರೋಗ ಹೆಚ್ಚಿದ್ದ ಈ ತಾಲ್ಲೂಕಿನಲ್ಲಿ ಅದನ್ನು ತಡೆಯಲೆಂದೇ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದರು. ಕುಷ್ಠದಿಂದ ಗುಣವಾದವರೂ ಕಾಯ್ದೆ ಎಣಿಸುವ 21 ಬಗೆಯ ವೈಕಲ್ಯದಲ್ಲಿ ಸೇರಿದ್ದಾರೆ. ರೋಗ ಹೋದರೂ ಕೆಲವರ ಬೆರಳಿಗೆ ಸ್ಪರ್ಶ ತಿರುಗಿ ಬರುವುದಿಲ್ಲ, ಸ್ಟೀಲ್ ಲೋಟ ಸುಟ್ಟರೂ ತಿಳಿಯುವುದಿಲ್ಲ. ಅಂಥವರು ಬಂದು ಕೂತಾಗ ಹಿಡಿಯಿರುವ ಕಪ್ಪಿನಲ್ಲಿ ಕಾಫಿ ತಂದು, 'ಬಿಸಿ ಇದೆ ಅಣ್ಣ, ಆರಲಿ' ಎಂದು ಹೇಳಿ, ಎಲ್ಲರ ನಡುವಿನ ಮೇಜಿನ ಮೇಲೇ ಇಡಬೇಕು.