ಬಾಡಿಗೆ ಗಾಡಿಯ ಹೊಗೆ

ಬೆಳಗಿನ ಜಾವ. ಮಹಾನಗರದ ರೈಲು ನಿಲ್ದಾಣದ ಮುಂದೆ ಬಾಡಿಗೆ ಕಾರುಗಳೂ ಆಟೋರಿಕ್ಷಾಗಳೂ ಸಾಲುಗಟ್ಟಿ ನಿಂತಿವೆ. ರಾತ್ರಿಯ ರೈಲು ಬಂದು ನಿಂತೊಡನೆ ಆ ಸಾಲಿಗೆ ಜೀವ ಬರುತ್ತದೆ. ಒಂದೊಂದಾಗಿ ಗಾಡಿಗಳು ಪ್ರಯಾಣಿಕರನ್ನು ಹೊತ್ತು ನಗರದ ನಾನಾ ದಿಕ್ಕುಗಳಿಗೆ ಹೊರಡುತ್ತವೆ. ಹಾಗೆ ಹೊರಟ ಗಾಡಿಗೆ ಮತ್ತೆ ವಿಶ್ರಾಂತಿ ದೊರೆಯುವುದು ನಡುರಾತ್ರಿಯಲ್ಲಿಯೇ. ಗೃಹಸ್ಥನೊಬ್ಬನ ಸ್ವಂತ ಕಾರು ಬೆಳಿಗ್ಗೆ ಕಚೇರಿಗೆ ಹೋಗಿ, ಹಗಲೆಲ್ಲ ಮರದ ನೆರಳಿನಲ್ಲಿ ನಿಂತಿದ್ದು, ಸಂಜೆ ಮನೆಗೆ ಮರಳುತ್ತದೆ. ಬಾಡಿಗೆ ಗಾಡಿಯಾದರೋ ಓಡಿದರೆ ಮಾತ್ರ ಅನ್ನ, ನಿಂತರೆ ಉಪವಾಸ. ಆದುದರಿಂದ ಒಂದು ಬಾಡಿಗೆ ಗಾಡಿ ಉಗುಳುವ ಹೊಗೆಯು ಹಲವು ಸ್ವಂತ ಕಾರುಗಳ ಹೊಗೆಗೆ ಸಮನಾಗುತ್ತದೆ. ಇದನ್ನೇ ತಿರುಗಿಸಿ ಹೇಳುವುದಾದರೆ, ಒಂದು ಬಾಡಿಗೆ ಗಾಡಿಯನ್ನು ಶುದ್ಧಗೊಳಿಸಿದರೆ ಹಲವು ಕಾರುಗಳನ್ನು ಶುದ್ಧಗೊಳಿಸಿದ ಫಲ ದೊರೆಯುತ್ತದೆ. ಜಗತ್ತಿನ ಅನೇಕ ನಗರಗಳು ವಾಯುಮಾಲಿನ್ಯದ ವಿರುದ್ಧದ ಹೋರಾಟವನ್ನು ಬಸ್ಸು ಹಾಗೂ ಬಾಡಿಗೆ ಗಾಡಿಗಳಿಂದಲೇ ಆರಂಭಿಸಿದುದಕ್ಕೆ ಇದೇ ಕಾರಣ.

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ಹಳೆಯ ಮಾತು. ವಾಹನದ ಎಂಜಿನ್ನಿನ ಒಡಲಲ್ಲಿಯೂ ಇರುವುದು ಬೆಂಕಿಯೇ. ಪೆಟ್ರೋಲು, ಡೀಸೆಲ್ಲುಗಳು ಇಂಗಾಲ ಮತ್ತು ಜಲಜನಕಗಳಿಂದಾದ ದ್ರವಗಳು. ಅವು ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಮಾತ್ರ ಹೊರಬರಬೇಕು. ಆದರೆ ನಿಮಿಷಕ್ಕೆ ಸಾವಿರಾರು ಸಲ ಸುತ್ತುವ ಎಂಜಿನ್ನಿನಲ್ಲಿ ಇಂಧನಕ್ಕೆ ಪೂರ್ಣವಾಗಿ ಉರಿಯಲು ಅವಕಾಶವಿಲ್ಲ. ಅರೆಬೆಂದ ಇಂಧನದಿಂದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಪರಿಣಾಮವಾಗಿ ದೇಹಕ್ಕೆ ಪ್ರಾಣವಾಯುವಿನ ಕೊರತೆಯುಂಟಾಗುತ್ತದೆ. ಎಂಜಿನ್ನಿನ ತೀವ್ರ ಶಾಖದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕದೊಡನೆ ಸೇರಿ ಶ್ವಾಸನಾಳಗಳನ್ನು ಕೆರಳಿಸುವ ಆಕ್ಸೈಡುಗಳಾಗುತ್ತದೆ. ಇವುಗಳ ಜೊತೆಗೆ ಮಸಿಯ ಅತಿಸೂಕ್ಷ್ಮ ಕಣಗಳು. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣವು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿದ್ದು, ಮೂಗಿನ ರೋಮಗಳಿಗೆ ಸಿಕ್ಕದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಡೀಸೆಲ್ ಹೊಗೆಯು ಅರ್ಬುದ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವು 2012ರಲ್ಲಿ ಸಾರಿತು. ಈ ಹೊಗೆಯ ಮೊದಲ ಬಲಿ ದೂರದ ಮನೆಯ ನಿವಾಸಿಯಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದರ ನಡುವೆಯೇ ಕುಳಿತು ಗಾಡಿ ನಡೆಸುವ ಚಾಲಕ.

ಹೊಗೆಯಿಲ್ಲದ ಬಾಡಿಗೆ ಗಾಡಿ ಇಂದಿನ ಕನಸೆಂದು ಭಾವಿಸುವವರು ಚರಿತ್ರೆಯ ಪುಟವನ್ನೊಮ್ಮೆ ತಿರುವಬೇಕು. 1897ರ ಆಗಸ್ಟ್ ತಿಂಗಳಿನಲ್ಲಿ, ಪೆಟ್ರೋಲು ಕಾರುಗಳಿನ್ನೂ ಅಪರೂಪವಾಗಿದ್ದ ಕಾಲದಲ್ಲಿ, ಲಂಡನ್ ನಗರದ ಬೀದಿಗಳಲ್ಲಿ ವಿದ್ಯುತ್ತಿನಿಂದ ಓಡುವ ಬಾಡಿಗೆ ಗಾಡಿಗಳು ಕಾಣಿಸಿಕೊಂಡವು. ವಾಲ್ಟರ್ ಬರ್ಸಿ ಎಂಬ ತರುಣ ಎಂಜಿನಿಯರನು ಅವುಗಳನ್ನು ರೂಪಿಸಿದ್ದನು. ಓಡುವಾಗ ಅವು ಹೊರಡಿಸುತ್ತಿದ್ದ ಮೆಲ್ಲನೆಯ ಗುಂಜಾರವವನ್ನು ಕೇಳಿ ಜನರು ಅವುಗಳಿಗೆ ಝೇಂಕರಿಸುವ ಹಕ್ಕಿಯ ಹೆಸರನ್ನಿಟ್ಟರು. ಆದರೆ ಸೀಸದ ಬ್ಯಾಟರಿಗಳ ಭಾರ ವಿಪರೀತವಾಗಿತ್ತು. ಒಮ್ಮೆ ವಿದ್ಯುತ್ ತುಂಬಿದರೆ ಸುಮಾರು 50 ಕಿಲೋಮೀಟರು ಮಾತ್ರ ಓಟ. ಭಾರಕ್ಕೆ ಟೈರುಗಳು ಸವೆದವು. ಖರ್ಚು ಆದಾಯವನ್ನು ಮೀರಿತು. ಎರಡೇ ವರ್ಷಗಳಲ್ಲಿ, 1899ರಲ್ಲಿ, ಅವು ಬೀದಿಯಿಂದ ಮರೆಯಾದವು. ಕುದುರೆಗಾಡಿಗಳ ಸ್ಥಾನವನ್ನು ಕ್ರಮೇಣ ಪೆಟ್ರೋಲು ಗಾಡಿಗಳು ಆಕ್ರಮಿಸಿಕೊಂಡವು. ಉತ್ತಮವಾದ ಕಲ್ಪನೆಯೊಂದು ತನ್ನ ಕಾಲಕ್ಕೆ ಮುಂಚೆಯೇ ಹುಟ್ಟಿದರೆ ಬದುಕಿ ಉಳಿಯುವುದು ಕಷ್ಟವೆಂಬುದಕ್ಕೆ ಇದೊಂದು ನಿದರ್ಶನ.

ಅಲ್ಲಿಂದ ಮುಂದಿನ ಶತಮಾನವೆಲ್ಲ ಪೆಟ್ರೋಲು, ಡೀಸೆಲ್ಲುಗಳದು. ಎಂಜಿನ್ನು ಬಡಿದುಕೊಳ್ಳದೆ ಸುಗಮವಾಗಿ ಓಡಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಪರಿಪಾಠ 1920ರ ದಶಕದಲ್ಲಿ ಬಂದಿತು. ಆ ಸೀಸವು ಹೊಗೆಯೊಡನೆ ಹೊರಬಂದು ಮಕ್ಕಳ ಮೆದುಳಿನ ಬೆಳವಣಿಗೆಗೇ ಕುತ್ತಾಯಿತು. ಭಾರತದಲ್ಲಿ 2000ದ ಫೆಬ್ರವರಿಯಿಂದ ಎಲ್ಲೆಡೆಯೂ ಸೀಸರಹಿತ ಪೆಟ್ರೋಲೇ ಮಾರಾಟವಾಗತೊಡಗಿತು. ಆಟೋರಿಕ್ಷಾಗಳದು ಇನ್ನೊಂದು ಬಗೆಯ ತೊಂದರೆ. ಬಹುಕಾಲ ಅವುಗಳಲ್ಲಿದ್ದುದು ಎರಡು ಹೊಡೆತದ ಎಂಜಿನ್ನು. ಇದರಲ್ಲಿ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಿ ಉರಿಸಬೇಕು. ಹೊಸ ಇಂಧನವು ಒಳನುಗ್ಗುವ ವೇಳೆಯಲ್ಲಿಯೇ ಹಳೆಯ ಹೊಗೆ ಹೊರಹೋಗುವುದರಿಂದ ಒಂದಷ್ಟು ಇಂಧನ ಉರಿಯದೆಯೇ ಆಚೆಗೆ ಹರಿದುಹೋಗುತ್ತದೆ. ಹಳೆಯ ಆಟೋದ ಹಿಂದೆ ತೇಲಿ ಬರುತ್ತಿದ್ದ ನೀಲಿ ಹೊಗೆಯ ಗುಟ್ಟು ಇದೇ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಈ ದೋಷ ಬಹುಮಟ್ಟಿಗೆ ಇಲ್ಲ.

ಬಾಡಿಗೆ ಗಾಡಿಗಳ ಇಂಧನವನ್ನೇ ಬದಲಾಯಿಸಿದ ಸಾಹಸದ ಕಥೆ ದೆಹಲಿಯದು. ಎಂ. ಸಿ. ಮೆಹ್ತಾ ಎಂಬ ನ್ಯಾಯವಾದಿಗಳು 1985ರಲ್ಲಿಯೇ ರಾಜಧಾನಿಯ ವಾಯುಮಾಲಿನ್ಯದ ಬಗೆಗೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. ವರ್ಷಗಳ ವಿಚಾರಣೆಯ ಬಳಿಕ, 1998ರ ಜುಲೈ 28ರಂದು ನ್ಯಾಯಾಲಯವು ಒಂದು ಮಹತ್ವದ ಆಜ್ಞೆಯನ್ನು ಹೊರಡಿಸಿತು. 1990ಕ್ಕಿಂತ ಹಿಂದಿನ ಆಟೋ, ಟ್ಯಾಕ್ಸಿಗಳೆಲ್ಲವೂ 2000ದ ಮಾರ್ಚ್ 31ರೊಳಗೆ ಶುದ್ಧ ಇಂಧನದ ಹೊಸ ಗಾಡಿಗಳಿಗೆ ಎಡೆಮಾಡಿಕೊಡಬೇಕು. 2001ರ ಮಾರ್ಚ್ 31ರೊಳಗೆ ನಗರದ ಬಸ್ಸುಗಳೆಲ್ಲ ಸಂಪೀಡಿತ ನೈಸರ್ಗಿಕ ಅನಿಲದಿಂದ, ಎಂದರೆ ಸಿ.ಎನ್.ಜಿ.ಯಿಂದ ಓಡಬೇಕು, ಅನಿಲ ತುಂಬುವ ಕೇಂದ್ರಗಳು ಒಂಬತ್ತರಿಂದ ಎಂಬತ್ತಕ್ಕೆ ಏರಬೇಕು ಎಂಬುವು ಅದರ ಮುಖ್ಯ ಅಂಶಗಳು.

ನೈಸರ್ಗಿಕ ಅನಿಲವೆಂದರೆ ಬಹುಪಾಲು ಮೀಥೇನ್. ಇಂಗಾಲದ ಒಂದು ಪರಮಾಣು, ಜಲಜನಕದ ನಾಲ್ಕು ಪರಮಾಣು. ಇಂಧನಗಳಲ್ಲಿ ಇದರಷ್ಟು ಸರಳವಾದ ರಚನೆಯವು ಕೆಲವೇ. ಆದುದರಿಂದ ಅದು ಉರಿಯುವಾಗ ಮಸಿಯ ಕಣಗಳು ಬಲು ಕಡಿಮೆ. ಗಾಳಿಗಿಂತ ಹಗುರವಾದುದರಿಂದ ಬಯಲಿನಲ್ಲಿ ಸೋರಿದರೆ ಮೇಲಕ್ಕೇರಿ ಚದುರಿಹೋಗುತ್ತದೆ. ಆದರೆ ಅನಿಲವು ಸ್ಥಳವನ್ನು ಬೇಡುತ್ತದೆ. ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಅದನ್ನು ದಪ್ಪ ಗೋಡೆಯ ಸಿಲಿಂಡರಿನಲ್ಲಿ ಅದುಮಿ ಇಡಬೇಕು. ಟ್ಯಾಕ್ಸಿಯ ಹಿಂಬದಿಯ ಡಿಕ್ಕಿಯಲ್ಲಿ ಸಿಲಿಂಡರು ಕುಳಿತರೆ ಪ್ರಯಾಣಿಕನ ಪೆಟ್ಟಿಗೆಗೆ ಜಾಗವೇ ಇರದು. ಒಮ್ಮೆ ತುಂಬಿದರೆ ಓಡುವ ದೂರವೂ ಪೆಟ್ರೋಲಿಗಿಂತ ಕಡಿಮೆ.

ಆಜ್ಞೆ ಹೊರಟುದು ಸುಲಭ. ಅದನ್ನು ನಡೆಸಿಕೊಡುವುದು ಸುಲಭವಾಗಿರಲಿಲ್ಲ. ಅಧಿಕಾರಿಗಳೂ ಬಸ್ಸಿನ ಮಾಲೀಕರೂ ಕಾಲ ತಳ್ಳಿದರು. 2001ರ ಏಪ್ರಿಲ್ ಬಂದಾಗ ಸಾಕಷ್ಟು ಬಸ್ಸುಗಳೂ ಇರಲಿಲ್ಲ, ಸಾಕಷ್ಟು ಅನಿಲವೂ ಇರಲಿಲ್ಲ. ಜನರು ನಿಲ್ದಾಣಗಳಲ್ಲಿ ಕಾದು ಬಳಲಿದರು. ಕಾಲದಲ್ಲಿ ಆಜ್ಞೆಯನ್ನು ಪಾಲಿಸಿ, ಸಾಲ ಮಾಡಿ ಹೊಸ ಗಾಡಿಯನ್ನು ಕೊಂಡಿದ್ದ ಆಟೋ ಚಾಲಕನ ಪಾಡು ಎಲ್ಲರಿಗಿಂತ ಕಷ್ಟದ್ದಾಗಿತ್ತು. ಅನಿಲಕ್ಕಾಗಿ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು ಅವನ ನಿತ್ಯದ ಕರ್ಮವಾಯಿತು. ಸಾಲಿನಲ್ಲಿ ಕಳೆದ ಪ್ರತಿಯೊಂದು ಗಂಟೆಯೂ ಅವನ ಗಳಿಕೆಯಿಂದ ಕಳೆದುಹೋದ ಗಂಟೆ. ಆದರೂ ಸಾಲದ ಕಂತು ಮಾತ್ರ ನಿಲ್ಲುವಂತಿರಲಿಲ್ಲ. ನಗರದ ಶ್ವಾಸಕ್ಕಾಗಿ ತೆರಬೇಕಾದ ಬೆಲೆಯ ದೊಡ್ಡ ಪಾಲನ್ನು ನಗರದ ಬಡವರಲ್ಲೊಬ್ಬನು ತೆತ್ತನು.

ನ್ಯಾಯಾಲಯ ಗಡುವನ್ನು ಕೆಲವು ಸಲ ಮುಂದೂಡಿತಾದರೂ ಸಂಕಲ್ಪವನ್ನು ಸಡಿಲಿಸಲಿಲ್ಲ. 2002ರ ಏಪ್ರಿಲ್ 5ರ ತೀರ್ಪಿನಲ್ಲಿ, ಇನ್ನೂ ಓಡುತ್ತಿರುವ ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿಗಳ ದಂಡವನ್ನೂ, ಮೂವತ್ತು ದಿನಗಳ ನಂತರ ದಿನಕ್ಕೆ 1000 ರೂಪಾಯಿಗಳ ದಂಡವನ್ನೂ ವಿಧಿಸಿತು. ಅನಿಲದ ಹಂಚಿಕೆಯಲ್ಲಿ ಸಾರಿಗೆಗೆ ಆದ್ಯತೆ ಕೊಡಬೇಕೆಂದೂ ವಿಧಿಸಿತು. ಆ ವರ್ಷದ ಕೊನೆಯ ವೇಳೆಗೆ ನಗರದ ಬಸ್ಸು, ಟ್ಯಾಕ್ಸಿ, ಆಟೋಗಳು ಅನಿಲದಿಂದ ಓಡತೊಡಗಿದವು. ಕೆಲವು ಕಾಲ ದೆಹಲಿಯ ಗಾಳಿ ತಿಳಿಯಾದುದು ಜನರ ಅನುಭವಕ್ಕೆ ಬಂದಿತು.

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಬಾಡಿಗೆ ಗಾಡಿ ಶುದ್ಧವಾಗುತ್ತಿದ್ದಂತೆಯೇ ಸ್ವಂತ ವಾಹನಗಳ ಸಂಖ್ಯೆ ಉಕ್ಕೇರಿತು. 2017ರಲ್ಲಿ ದೆಹಲಿಯಲ್ಲಿ ನೋಂದಾಯಿತವಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ಹೊಲಗಳಲ್ಲಿ ಸುಡುವ ಪೈರಿನ ಕೂಳೆ, ಕಾರ್ಖಾನೆ, ರಸ್ತೆಯ ಧೂಳು ಇವೂ ಸೇರಿ ಚಳಿಗಾಲದ ಗಾಳಿ ಮತ್ತೆ ವಿಷವಾಯಿತು. ದೂರವಾಣಿಯ ಮೂಲಕ ಕರೆಸಿಕೊಳ್ಳುವ ಹೊಸ ಟ್ಯಾಕ್ಸಿಗಳಲ್ಲಿ ಅನೇಕವು ಡೀಸೆಲ್ಲಿನವಾಗಿದ್ದವು. 2015ರ ಡಿಸೆಂಬರಿನಲ್ಲಿ ನ್ಯಾಯಾಲಯವು ಅವುಗಳೂ ಅನಿಲಕ್ಕೆ ಬದಲಾಗಬೇಕೆಂದು ಆಜ್ಞಾಪಿಸಬೇಕಾಯಿತು. ಒಂದು ಕಿಂಡಿಯನ್ನು ಮುಚ್ಚಿ ಹತ್ತು ಕಿಂಡಿಗಳನ್ನು ತೆರೆದಿಟ್ಟರೆ ಮನೆಯೊಳಗಿನ ಹೊಗೆ ಕಡಿಮೆಯಾಗದು. ಇಂಧನದ ಶುದ್ಧತೆಯ ಕಡೆಗೂ ದೇಶ ಗಮನ ಹರಿಸಿತು. 2020ರ ಏಪ್ರಿಲ್ ಒಂದರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ ಆರನೆಯ ಮಾನದಂಡವು ಪೆಟ್ರೋಲು, ಡೀಸೆಲ್ಲುಗಳಲ್ಲಿನ ಗಂಧಕದ ಅಂಶವನ್ನು ಹತ್ತು ಲಕ್ಷಕ್ಕೆ ಐವತ್ತು ಭಾಗಗಳಿಂದ ಹತ್ತು ಭಾಗಗಳಿಗೆ ಇಳಿಸಿತು.

ಎಲ್ಲ ನಗರಗಳಿಗೂ ಒಂದೇ ಮದ್ದು ಒಪ್ಪುವುದಿಲ್ಲ. ಅನಿಲದ ಕೊಳವೆಮಾರ್ಗ ದೂರವಿದ್ದ ಕಾಲದಲ್ಲಿ ಬೆಂಗಳೂರಿನ ಆಟೋರಿಕ್ಷಾಗಳು ದ್ರವೀಕೃತ ಪೆಟ್ರೋಲಿಯಂ ಅನಿಲವನ್ನು ಅವಲಂಬಿಸಿದವು. ಇದು ಅಡುಗೆಮನೆಯ ಅನಿಲದ ಒಡಹುಟ್ಟು. ಅಲ್ಪ ಒತ್ತಡದಲ್ಲಿಯೇ ದ್ರವವಾಗುವುದರಿಂದ ಇದಕ್ಕೆ ಹಗುರವಾದ ತೊಟ್ಟಿ ಸಾಕು. ಆದರೆ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಈ ಕಾರಣದಿಂದ, ಅಡುಗೆಯ ಸಿಲಿಂಡರಿನಿಂದ ಕದ್ದು ಗಾಡಿಗೆ ತುಂಬುವುದು ಪ್ರಾಣಾಪಾಯಕರವಾದ ಅಪರಾಧ. ಜಪಾನಿನ ಟ್ಯಾಕ್ಸಿಗಳು ದಶಕಗಳಿಂದಲೂ ಇದೇ ಇಂಧನದಿಂದ ಓಡುತ್ತ ಬಂದಿವೆ.

ಈಗ ಜಗತ್ತಿನ ದೃಷ್ಟಿ ಬರ್ಸಿಯ ಹಳೆಯ ಕನಸಿನ ಕಡೆಗೆ ತಿರುಗಿದೆ. ಸೀಸದ ಭಾರವಾದ ಬ್ಯಾಟರಿಯ ಬದಲು ಹಗುರವಾದ ಲಿಥಿಯಂ ಬ್ಯಾಟರಿ ಬಂದಿದೆ. ಪೆಟ್ರೋಲು ಎಂಜಿನ್ನು ತನಗೆ ದೊರೆತ ಶಕ್ತಿಯಲ್ಲಿ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನಷ್ಟನ್ನು ಮಾತ್ರ ಚಲನೆಗೆ ಬಳಸಿ ಉಳಿದುದನ್ನು ಶಾಖವಾಗಿ ಚೆಲ್ಲಿದರೆ, ವಿದ್ಯುತ್ ಮೋಟಾರು ಬಹುಪಾಲನ್ನು ಚಲನೆಯಾಗಿಸುತ್ತದೆ. ಬ್ರೇಕು ಹಾಕಿದಾಗ ಮೋಟಾರು ತಾನೇ ಜನಕಯಂತ್ರವಾಗಿ ಕಳೆದುಹೋಗುವ ಶಕ್ತಿಯಲ್ಲಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಹೆಜ್ಜೆಹೆಜ್ಜೆಗೂ ನಿಂತು ಹೊರಡಬೇಕಾದ ನಗರದ ಟ್ಯಾಕ್ಸಿಗೆ ಇದಕ್ಕಿಂತ ಹಿತವಾದ ಗುಣ ಬೇರೆ ಯಾವುದು? ಚೀನಾದೇಶದ ಷೆನ್‌ಝೆನ್ ನಗರವು 2017ರ ಕೊನೆಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನೂ, ಅದರ ಮರುವರ್ಷ ಹೆಚ್ಚುಕಡಿಮೆ ತನ್ನ ಎಲ್ಲ ಟ್ಯಾಕ್ಸಿಗಳನ್ನೂ ವಿದ್ಯುತ್ತಿಗೆ ಬದಲಾಯಿಸಿತು. ಸರ್ಕಾರದ ಧಾರಾಳವಾದ ಸಹಾಯಧನವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ. ಲಂಡನ್ನಿನಲ್ಲಿ 2018ರ ಜನವರಿಯಿಂದ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿಯು ಹೊಗೆಯಿಲ್ಲದೆ ಓಡುವ ಸಾಮರ್ಥ್ಯವನ್ನು ಪಡೆದಿರಲೇಬೇಕು. ಝೇಂಕರಿಸುವ ಹಕ್ಕಿಗಳು ಮರೆಯಾದ ಬೀದಿಗಳಿಗೆ ಅವುಗಳ ಮರಿಮಕ್ಕಳು ಮರಳಿ ಬಂದಂತಾಯಿತು.

ವಿದ್ಯುತ್ ಗಾಡಿಗೆ ಹೊಗೆಕೊಳವೆಯಿಲ್ಲವೆಂದ ಮಾತ್ರಕ್ಕೆ ಹೊಗೆಯೇ ಇಲ್ಲವೆಂದು ಹೇಳಲಾಗದು. ಭಾರತದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನಿಂದ ಬರುತ್ತಿದೆ. ಬೀದಿಯ ಹೊಗೆ ವಿದ್ಯುತ್ ಸ್ಥಾವರದ ಚಿಮಣಿಗೆ ಸ್ಥಳಾಂತರಗೊಂಡರೆ ನಗರದವನಿಗೆ ಲಾಭ, ಸ್ಥಾವರದ ನೆರೆಯವನಿಗೆ ನಷ್ಟ. ಶರಾವತಿಯ ಜಲಪಾತದ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಬೆಟ್ಟಗಳ ಗಾಳಿ ಇಂತಹ ಮೂಲಗಳಿಂದ ವಿದ್ಯುತ್ತು ಬಂದಷ್ಟೂ ಗಾಡಿಯ ಶುದ್ಧತೆ ನಿಜವಾಗುತ್ತದೆ. ಬ್ಯಾಟರಿಯ ಆಯುಷ್ಯ ಮುಗಿದ ಮೇಲೆ ಅದರ ಲೋಹಗಳನ್ನು ಮರಳಿ ಪಡೆಯುವ ವ್ಯವಸ್ಥೆಯೂ ಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಚಾಲಕನ ಸಮಯ. ಪೆಟ್ರೋಲು ತುಂಬಲು ಐದು ನಿಮಿಷ ಸಾಕು. ಬ್ಯಾಟರಿ ತುಂಬಲು ಶೀಘ್ರಪೂರಣ ಕೇಂದ್ರದಲ್ಲಿಯೂ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ. ಬರಿದಾದ ಬ್ಯಾಟರಿಯನ್ನು ಕಳಚಿ ತುಂಬಿದುದನ್ನು ಜೋಡಿಸುವ ಕೇಂದ್ರಗಳು ಇದಕ್ಕೊಂದು ಪರಿಹಾರ. ವಿಚಿತ್ರವೆಂದರೆ ಬರ್ಸಿಯೂ ತನ್ನ ಗಾಡಿಗಳಿಗೆ ಇದೇ ಉಪಾಯವನ್ನು ಹೂಡಿದ್ದನು.

ದೆಹಲಿಯ ಅನಿಲದ ಸಾಲಿನಲ್ಲಿ ನಿಂತಿದ್ದ ಆಟೋ ಚಾಲಕನನ್ನು ಇಲ್ಲಿ ಮತ್ತೊಮ್ಮೆ ನೆನೆಯುವುದು ಉಚಿತ. ಶುದ್ಧವಾದ ಗಾಳಿ ಎಲ್ಲರಿಗೂ ಬೇಕು. ಉಸಿರಾಟದಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲ. ಹಾಗಿರುವಾಗ ಅದರ ವೆಚ್ಚವನ್ನು ದಿನದ ದುಡಿಮೆಯನ್ನೇ ನಂಬಿದವನೊಬ್ಬನ ಹೆಗಲ ಮೇಲೆ ಹೊರಿಸುವುದು ನ್ಯಾಯವೆನಿಸದು. ಗಾಡಿ ಬದಲಾಯಿಸು ಎಂದು ಆಜ್ಞೆ ಮಾಡುವ ಮೊದಲು ಇಂಧನದ ಕೇಂದ್ರವನ್ನು ಕಟ್ಟಬೇಕು. ಕಡಿಮೆ ಬಡ್ಡಿಯ ಸಾಲವನ್ನು ಒದಗಿಸಬೇಕು. ಸಮೀಪದ ದಾರಿಯನ್ನು ನಡೆದು ಕ್ರಮಿಸುವುದು, ದೂರದ ದಾರಿಗೆ ಬಸ್ಸನ್ನೋ ರೈಲನ್ನೋ ಹಿಡಿಯುವುದು ಉಳಿದ ನಾಗರಿಕರ ಪಾಲಿನ ಕಂತು. ಆ ಕಂತು ಸಲ್ಲದೆ ಹೋದರೆ, ಬಾಡಿಗೆ ಗಾಡಿಯೊಂದೇ ಶುದ್ಧವಾಗಿ ಓಡಿದರೂ ನಗರದ ಆಕಾಶ ತಿಳಿಯಾಗದೆಂಬುದು ದೆಹಲಿ ಕಲಿಸಿದ ಪಾಠ.