ಒಂದೇ ಘನದ ಮೇಲೆ ನಿಲ್ಲುವ ಮಾಳಿಗೆ

2012ರಲ್ಲಿ ಗೋವೆಯ ಅದಿರು ಗಣಿಗಳು ನಿಂತಾಗ ಟಿಪ್ಪರುಗಳ ಸದ್ದಡಗಿದುದನ್ನು ಸಾಂಖಳಿಯ ಕನ್ನಡ ಕುಟುಂಬಗಳು ಮರೆತಿರಲಾರವು. ಅಂಥವೇ ಲಾರಿಗಳು, ಅಗೆಯುವ ಯಂತ್ರಗಳು ಈಗ ನಮ್ಮ ಮಕ್ಕಳ ಕಂಪ್ಯೂಟರಿನ ಪರದೆಯ ಮೇಲೆ ಓಡಾಡುತ್ತಿವೆ.

ಸ್ವೀಡನ್ನಿನ ಟಕ್ಸೀಡೊ ಲ್ಯಾಬ್ಸ್ ಸಂಸ್ಥೆ 2022ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಟಿಯರ್‌ಡೌನ್’ ಆಟದ ಲೋಕವೆಲ್ಲ ವಾಕ್ಸೆಲ್ ಎಂಬ ಪುಟ್ಟ ಘನಗಳಿಂದ ಕಟ್ಟಿದ್ದು. ಗೋಡೆಗೆ ಲಾರಿ ಗುದ್ದಿದರೆ ಗುದ್ದಿದಷ್ಟು ಭಾಗ ಚೂರಾಗುತ್ತದೆ. ಬರಿಯ ಕೆಡವುವ ಆಟವೆಂದು ಹಿರಿಯರು ಸಿಡುಕುವುದು ಸಹಜ. ಆದರೆ ಅದರ ಎಷ್ಟೋ ಪಂದ್ಯಗಳಲ್ಲಿ ಎಚ್ಚರಿಕೆಯ ಗಂಟೆ ಮೊಳಗಿದ ಮೇಲೆ ಉಳಿಯುವುದು 60 ಸೆಕೆಂಡು ಮಾತ್ರ. ಯಾವ ಗೋಡೆ ಒಡೆಯಬೇಕು, ಯಾವ ವಾಹನ ಎಲ್ಲಿ ನಿಂತಿರಬೇಕು ಎಂಬ ಲೆಕ್ಕವನ್ನು ಅದಕ್ಕೆ ಮುನ್ನವೇ ಸಾವಧಾನವಾಗಿ ಹಾಕಿಕೊಳ್ಳಬೇಕು.

ನಮಗೆ ಸೋಜಿಗವೆನಿಸಿದ್ದು ಬೇರೆಯೇ. ಗೋಡೆಯನ್ನೆಲ್ಲ ಕಿತ್ತರೂ ಒಂದೇ ಒಂದು ಘನದ ಅಂಟು ಉಳಿದಿದ್ದರೆ ಆ ಆಟದಲ್ಲಿ ಮಾಳಿಗೆ ಬೀಳದು! ಗೋವೆಯ ಎಷ್ಟೋ ಮನೆಗಳನ್ನು ಎಬ್ಬಿಸಿದ ನಮ್ಮ ಗೌಂಡಿಗಳು ಕಂಡರೆ ನಕ್ಕಾರು. ನಗಲಿ. ಶಾಲೆಯಲ್ಲಿ ಅಪ್ಪನ ಕಸುಬು ಹೇಳಲು ನಾಚುವ ಮಕ್ಕಳು ನಮ್ಮಲ್ಲಿದ್ದಾರೆ. ಅವರ ಪಕ್ಕದಲ್ಲೊಮ್ಮೆ ಕುಳಿತು, ಮಾಳಿಗೆಯ ಭಾರ ಯಾವ ತೊಲೆಯಿಂದ ಯಾವ ಕಂಬಕ್ಕೆ ಇಳಿಯುತ್ತದೆ, ಆನಿಕೆಗಳನ್ನು ಅವಸರದಿಂದ ತೆಗೆದರೆ ಏನಾಗುತ್ತದೆ ಎಂಬುದನ್ನು ಆ ಪರದೆಯ ಮೇಲೆಯೇ ಬೆರಳಿಟ್ಟು ತೋರಿಸಲಿ.